ಗುಜರಿಗೆ ಹಾಕುವ ಮುಂಚೆ ಡಬ್ಬಿ ಬಿಚ್ಚಿ ನೋಡಿ

ಪೀರನವಾಡಿಯ ನಮ್ಮ ಮನೆಯ ಕಂಪ್ಯೂಟರ್ ಆನ್ ಮಾಡಿ ಚಹಾಕ್ಕೆ ಇಟ್ಟರೆ, ಚಹಾ ಕುಡಿದು ಕಪ್ಪು ತೊಳೆದಿಟ್ಟರೂ ಅದಿನ್ನೂ ಗಿರಗಿರ ಅನ್ನುತ್ತಲೇ ಇರುತ್ತಿತ್ತು. ಅಪ್ಪ ಉದ್ಯಮಬಾಗದಲ್ಲಿ ಲೇತ್ ಮೇಲೆ ದುಡಿದು ಕೊಡಿಸಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಅದು. ನಾನೀಗ ಮೆಕ್ಯಾನಿಕಲ್ ಮೂರನೇ ವರ್ಷ. ಕ್ಯಾಡ್‌ನಲ್ಲಿ ಒಂದು ಗೇರ್ ತಿರುಗಿಸಿದರೆ ಸಾಕು, ಪರದೆ ನಿಂತೇಬಿಡುತ್ತಿತ್ತು. ಪ್ರಾಜೆಕ್ಟ್‌ಗೆ ಉಳಿದದ್ದು ಮೂರೇ ವಾರ. ಅಂಗಡಿಯೊಂದರಲ್ಲಿ ಕೇಳಿದರೆ, ‘ಇದನ್ನ ಗುಜರಿಗೆ ಹಾಕ್ರಿ, ನಲವತ್ತ ಸಾವಿರದಾಗ ಹೊಸಾದ ಕೂಡಿಸಿ ಕೊಡ್ತೀನಿ’ ಅಂದರು. ತಂಗಿಯ ಪಿಯು ಫೀ ಕಟ್ಟುವ ತಿಂಗಳು. ಅಪ್ಪ ಮಾತಾಡಲಿಲ್ಲ.

ಮನೆಗೆ ಬಂದು ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಆರಾಮಾಗಿತ್ತು, ಮೆಮೊರಿ ಮಾತ್ರ ತುಂಬಿ ತುಳುಕುತ್ತಿತ್ತು. ರ‍್ಯಾಮ್ ಅಂದರೆ ಅವ್ವ ರೊಟ್ಟಿ ಬಡಿಯುವ ಕಟ್ಟೆ, ಹಾರ್ಡ್ ಡಿಸ್ಕ್ ಅಂದರೆ ಅಟ್ಟ. ಕಟ್ಟೆ ಸಾಲದಿದ್ದರೆ ಪ್ರತಿ ರೊಟ್ಟಿಗೂ ಹಿಟ್ಟಿಗಾಗಿ ಅಟ್ಟ ಹತ್ತಬೇಕು. 4 ಜಿಬಿಯ ನಮ್ಮ ಮಷೀನು ಅದನ್ನೇ ಮಾಡುತ್ತಿತ್ತು.

ಡಬ್ಬಿ ಬಿಚ್ಚಿದರೆ ಖಾನಾಪುರ ರಸ್ತೆಯ ಧೂಳೆಲ್ಲ ಅಲ್ಲೇ! ಅದರ ಕೆಳಗೆ ರ‍್ಯಾಮ್‌ನ ಒಂದು ಸ್ಲಾಟ್ ಖಾಲಿ ಇತ್ತು. ಕೊಳ್ಳುವ ಮುಂಚೆ ಹಳೆಯದರ ಚೀಟಿ ಓದಲೇಬೇಕು. ನಮ್ಮದು ಡಿಡಿಆರ್3, 240 ಪಿನ್. ಡಿಡಿಆರ್4ಕ್ಕೆ 288, ಕಚ್ಚಿನ ಜಾಗವೂ ಬೇರೆ, ಒತ್ತಿದರೂ ಕೂರದು. ವಿಂಡೋಸ್ 32 ಬಿಟ್‌ನದಾದರೆ 4 ಜಿಬಿಗಿಂತ ಹೆಚ್ಚಿನದು ದಂಡ. ನಮ್ಮದು 64 ಆಗಿದ್ದರಿಂದ ಅದೇ ವೇಗದ ಇನ್ನೊಂದು 4 ಜಿಬಿ ತಂದೆ, ಹಳೆಯದೇ.

ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದೆ. ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್ಪಿಗೆ ಹಾರಬಾರದಲ್ಲ! ಬಂಗಾರದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಎರಡೂ ತುದಿಯ ಕ್ಲಿಪ್ಪು ‘ಟಕ್’ ಅನ್ನುವವರೆಗೆ ಒತ್ತಿದೆ. ‘ಮುರಿದೀಯೋ’ ಅಂತ ಬಾಗಿಲಲ್ಲೇ ನಿಂತಿದ್ದ ಅಪ್ಪ, ಆ ಸದ್ದು ಕೇಳಿದ ಮೇಲೆ ಟಾರ್ಚ್ ಹಿಡಿಯಲು ಹತ್ತಿರ ಬಂದರು.

ಗ್ರಾಫಿಕ್ಸ್ ಕಾರ್ಡ್ ಸೀನಿಯರ್ ಒಬ್ಬರದು. ಇಲ್ಲಿ ನೋಡಬೇಕಾದ್ದು ಕಾರ್ಡಿನ ಹೆಸರಿಗಿಂತ ಮೊದಲು ಕರೆಂಟು. ದೊಡ್ಡ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಜಾಸ್ತಿ ಬೇಡುವ ಕಾರ್ಡಿಗೆ ಪವರ್ ಸಪ್ಲೈನಿಂದ ಬೇರೆ ವೈರ್ ಬೇಕು. ನಮ್ಮ ಹಳೆ ಸಪ್ಲೈನಲ್ಲಿ ಅದಿರಲಿಲ್ಲ. ಹಾಗಾಗಿ ಸ್ಲಾಟಿನ ಕರೆಂಟಿನಲ್ಲೇ ಓಡುವ ಚಿಕ್ಕ ಕಾರ್ಡು ಆರಿಸಿದೆ. ಗೇಮ್ ಆಡುವವರಿಗೆ ಅದು ನಗೆಪಾಟಲು, ನನ್ನ ಗೇರಿಗೆ ಸಾಕು.

ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಇದರಿಂದ ಪ್ರೊಸೆಸರಿಗೆ ವಯಸ್ಸು ಕಡಿಮೆಯಾಗಿಲ್ಲ. ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದಕ್ಕೇ ಇಂಟರ್ನೆಟ್ ಕೆಲಸಕ್ಕೆ ಪಕ್ಕದಲ್ಲಿ ಲಿನಕ್ಸ್ ಹಾಕಿದ್ದೇನೆ.

ಪ್ರಾಜೆಕ್ಟ್ ಎರಡು ದಿನ ಮೊದಲೇ ಸಲ್ಲಿಕೆಯಾಯಿತು. ಬೋರ್ಡಿನಲ್ಲಿ ಇನ್ನೊಂದು ಗಿಡ್ಡ ಸ್ಲಾಟ್ ಖಾಲಿ ಇರುವುದು ತಂಗಿಗೆ ಗೊತ್ತಾಗಿದೆ. ‘ಅಣ್ಣಾ, ಅದಕ್ಕ ವೈಫೈ ಕಾರ್ಡ್ ಯಾವಾಗ?’ ಅಂತ ದಿನಾ ಗಂಟು ಬೀಳುತ್ತಾಳೆ.