ನಿಮಗಿದು ಗೊತ್ತೆ? ಶಾಲಾ ಹುಡುಗಿಯರ ರೇಷ್ಮೆ ಶೋಕಚಿತ್ರ

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದರ ಬೆನ್ನಲ್ಲೇ ಅಲ್ಲಿನ ಸ್ಥಿತಿವಂತರ ಮನೆಯ ಹೆಣ್ಣುಮಕ್ಕಳು ಕಲಿಯುತ್ತಿದ್ದ ಖಾಸಗಿ ಶಾಲೆಗಳಲ್ಲಿ ಶೋಕಚಿತ್ರದ ಕಸೂತಿ ಗೀಳಿನಂತೆ ಹಬ್ಬಿತು. ರೇಷ್ಮೆ ಬಟ್ಟೆಯ ಮೇಲೆ ರೇಷ್ಮೆ ನೂಲಿನಲ್ಲೇ ಹೊಲಿದ ಸಮಾಧಿ, ಅದರ ಮೇಲೊಂದು ಕಲಶ, ಜೋತುಬಿದ್ದ ವಿಲೋ ಮರ, ಕರವಸ್ತ್ರ ಹಿಡಿದು ನಿಂತ ಹೆಂಗಸರು.

ಹತ್ತಿರದಿಂದ ನೋಡಿದರೆ ಗುಟ್ಟು ತಿಳಿಯುತ್ತದೆ. ಮರ, ಹುಲ್ಲು, ಉಡುಪು ದಾರದ್ದು. ಆಕಾಶ, ಮುಖ, ಕೈಗಳು ಜಲವರ್ಣದವು! ಆ ನಾಜೂಕಿನ ಭಾಗ ಎಷ್ಟೋ ಸಲ ಹುಡುಗಿಯದಲ್ಲ, ಶಿಕ್ಷಕಿಯದೋ ವೃತ್ತಿಪರ ಕಲಾವಿದನದೋ ಕೈಚಳಕ. ಫಿಲಡೆಲ್ಫಿಯಾದಲ್ಲಿ ಎಲಿಜಬೆತ್ ಫೋಲ್‌ವೆಲ್ ಕಸೂತಿ ಹೇಳಿಕೊಟ್ಟರೆ, ಪತಿ ಸ್ಯಾಮ್ಯುಯೆಲ್ ರೇಷ್ಮೆಯ ಮೇಲೆ ಚಿತ್ರ ಬರೆದುಕೊಡುತ್ತಿದ್ದರು.

ಕೆಲವು ಚಿತ್ರಗಳಲ್ಲಿ ಸಮಾಧಿಯ ಮೇಲೆ ಹೆಸರೇ ಇಲ್ಲ, ಜಾಗ ಖಾಲಿ. ಮನೆಯಲ್ಲಿ ಯಾರೂ ಸಾಯದಿದ್ದರೇನು, ಫ್ಯಾಷನ್ ಬಿಡಲಾದೀತೆ?

ಬೈಬಲ್ ಹಾಗೂ ಶೇಕ್ಸ್‌ಪಿಯರ್ ಕಥೆಗಳ ದೃಶ್ಯಗಳನ್ನೂ ಹೊಲಿಯುತ್ತಿದ್ದರು. ಎಷ್ಟೋ ಚಿತ್ರಗಳಿಗೆ ಚಿನ್ನದ ಬಣ್ಣದ ಚೌಕಟ್ಟು. ಒಳಗೆ ಕಪ್ಪು ಬಳಿದ ಗಾಜಿನಂಚಿನ ಮೇಲೆ ಹುಡುಗಿಯ ಹೆಸರು, ಒಮ್ಮೊಮ್ಮೆ ಶಾಲೆಯದೂ. ಹಜಾರದ ಗೋಡೆಯೇರಿದ ಅದು ಮಗಳ ಕಲಿಕೆಯನ್ನು (ಅಪ್ಪ ಕಟ್ಟಿದ ಫೀಸನ್ನೂ) ಬಂದವರಿಗೆಲ್ಲ ಸಾರುತ್ತಿತ್ತು.

ಈ ಹುಡುಗಿಯರ ಕೈಕೆಲಸದ ಚರಿತ್ರೆಯನ್ನು ದಶಕಗಳ ಕಾಲ ಹುಡುಕಿ ಬರೆದವರು ಬೆಟ್ಟಿ ರಿಂಗ್. ಅವರ ಸಂಗ್ರಹ 2012ರಲ್ಲಿ ನ್ಯೂಯಾರ್ಕಿನ ಸೋದಬೀಸ್‌ನಲ್ಲಿ ಹರಾಜಾದಾಗ, ಮೇರಿ ಆಂಟ್ರಿಮ್ ಎಂಬ ಹುಡುಗಿ 1807ರಲ್ಲಿ ಹೊಲಿದ ಒಂದು ಕಸೂತಿ 10 ಲಕ್ಷ ಡಾಲರ್ ದಾಟಿತು.