ಅನ್ನದ ಬಾಬು

ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರನ್ನು ನಮ್ಮ ಅಜ್ಜಿ ಪಂಚಾಂಗದ ಮಾತಾಗಿ ಎಂದೂ ಆಡಿದವರಲ್ಲ. ಮನೆಯಲ್ಲಿ ಯಾವ ಮಗುವಾದರೂ ತಟ್ಟೆಯಲ್ಲಿ ಅನ್ನ ಬಿಟ್ಟು ಏಳಹೊರಟರೆ, "ಧಾತು ಈಶ್ವರದಲ್ಲಿ ಹುಟ್ಟಬೇಕಾಗಿತ್ತು ನೀನು" ಎಂದು ಗದರಿಸುವುದು ಅವರ ವಾಡಿಕೆಯಾಗಿತ್ತು. ಅವರೇನೂ ಆ ಬರವನ್ನು ಕಂಡವರಲ್ಲ. ಅವರ ಅಜ್ಜಿಯೇ ಆಗ ಎಳೆಯ ಕೂಸು. ಆದರೂ ಆ ಎರಡು ಶಬ್ದಗಳು ಮೂರು ತಲೆಮಾರುಗಳನ್ನು ದಾಟಿ ನಮ್ಮ ಊಟದ ಪಂಕ್ತಿಗೆ ಬಂದಿದ್ದುವು. ಬೆಳೆದ ಮೇಲೆ ಒಮ್ಮೆ ಹಳೆಯ ಜನಗಣತಿಯ ಪುಟಗಳನ್ನು ತಿರುವಿದಾಗ ಆ ಗದರಿಕೆಯ ಅರ್ಥ ತಿಳಿಯಿತು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷಕ್ಕೂ ಮೇಲಿದ್ದಿತು. 1881ರಲ್ಲಿ ಅದು ನಲವತ್ತೆರಡು ಲಕ್ಷಕ್ಕೂ ಕಡಿಮೆ. ನಡುವೆ ನಡೆದುದು 1876ರಿಂದ 78ರವರೆಗಿನ ಮಹಾಕ್ಷಾಮ.

ಈ ಕ್ಷಾಮವನ್ನು ನೆನೆದಾಗ ಮಳೆ ಬಾರದ ವಿಷಯವನ್ನೇ ನಾವು ಸಾಮಾನ್ಯವಾಗಿ ಹೇಳುತ್ತೇವೆ. ನನಗೆ ಮಾತ್ರ ಅದರೊಳಗಿನ ಒಂದು ಸಣ್ಣ ಲೆಕ್ಕದ ವಿಷಯ ಹೆಚ್ಚು ಕಾಡುತ್ತದೆ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾ ದೇಶದಿಂದ ಅಕ್ಕಿಯನ್ನು ತರಿಸಿ ಧಾರಾಳವಾಗಿ ಹಂಚಿಸಿದನು. ಸತ್ತವರು ತೀರ ಕಡಿಮೆ. ಇದಕ್ಕೆ ಅವನಿಗೆ ದೊರೆತ ಬಹುಮಾನವೆಂದರೆ ದುಂದುಗಾರನೆಂಬ ನಿಂದೆ. ಮೂರು ವರ್ಷಗಳ ತರುವಾಯ ದಕ್ಷಿಣದಲ್ಲಿ ಬರ ಬಿದ್ದಾಗ, ವೈಸರಾಯ್ ಲಿಟನ್ ಪ್ರಭು ಅದೇ ಟೆಂಪಲನನ್ನು ಖರ್ಚು ಬಿಗಿಹಿಡಿಯಲೆಂದು ಕಳುಹಿಸಿದನು. ಹಿಂದಿನ ಕಳಂಕವನ್ನು ತೊಳೆದುಕೊಳ್ಳಲು ಟೆಂಪಲನಿಗೂ ಆತುರವಿದ್ದಿತು. 1877ರ ಆರಂಭದಲ್ಲಿ, ಪರಿಹಾರದ ಕೆಲಸಗಳಲ್ಲಿ ಕಲ್ಲು ಒಡೆಯುತ್ತಿದ್ದ ಆಳಿನ ದಿನಗೂಲಿಯನ್ನು ಅವನು ಒಂದೂವರೆ ಪೌಂಡು ಧಾನ್ಯದ ಅಳತೆಯಿಂದ ಒಂದು ಪೌಂಡಿಗೆ ಇಳಿಸಿದನು. ಮೇಲೆ ಕೆಲವು ಕಾಸು. ಮನುಷ್ಯನಿಗೆ ಇಷ್ಟು ಸಾಕೆ ಎಂಬುದನ್ನು ದುಡಿಯುವವರ ಮೈಯ ಮೇಲೆಯೇ ಪರೀಕ್ಷಿಸುವ ಪ್ರಯೋಗವದು.

ಅದನ್ನು ಎದುರಿಸಿದವನು ಮದರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್. ಆತ ಕ್ರಾಂತಿಕಾರಿಯಲ್ಲ, ಸರಕಾರದ ಸಂಬಳ ತಿನ್ನುತ್ತಿದ್ದ ವೈದ್ಯ. ಸೆರೆಮನೆಯಲ್ಲಿ ಕಷ್ಟಶಿಕ್ಷೆ ಅನುಭವಿಸುವ ಕೈದಿಗೆ ಸರಕಾರವೇ ಇದಕ್ಕಿಂತ ಹೆಚ್ಚು ಅನ್ನ ಹಾಕುತ್ತಿದೆಯಲ್ಲ ಎಂಬುದು ಆತನ ಪ್ರಶ್ನೆಯ ಸಾರ. ಬಾಯಿ ಮಾತಿನಲ್ಲಿ ಮರುಗದೆ ತೂಕದ ಲೆಕ್ಕವನ್ನು ಮುಂದಿಟ್ಟು ವಾದಿಸಿದನು. ಅತ್ತ ಮುಂಬಯಿ ಇಲಾಖೆಯಲ್ಲಿ ಕೂಲಿಯಾಳುಗಳು ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಅರ್ಜಿಗಳನ್ನು ಬರೆಯಿತು. ನಮ್ಮ ಧಾರವಾಡ, ಬೆಳಗಾವಿ, ಕಲಾದಗಿಗಳು ಆಗ ಮುಂಬಯಿಗೆ ಸೇರಿದ್ದುವು, ಬಳ್ಳಾರಿ ಮದರಾಸಿಗೆ ಸೇರಿದ್ದಿತು ಎಂಬುದನ್ನು ನೆನೆದರೆ, ಆ ಒಂದು ಪೌಂಡಿನ ತಕ್ಕಡಿಯಲ್ಲಿ ಎಷ್ಟು ಮಂದಿ ಕನ್ನಡಿಗರು ತೂಗಿಸಿಕೊಂಡರೆಂಬುದು ಮನಸ್ಸಿಗೆ ಬರುತ್ತದೆ. 1877ರ ನಡುವಿನ ಹೊತ್ತಿಗೆ ಮದರಾಸು ಸರಕಾರ ಕೂಲಿಯನ್ನು ಮರಳಿ ಏರಿಸಿತು. ಅಷ್ಟರಲ್ಲಿ ಆಗುವ ಹಾನಿ ಆಗಿಹೋಗಿತ್ತು. ಆ ಬಳಿಕ ಕ್ಷಾಮನಿವಾರಣೆಗೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳ ನಿಧಿಯೊಂದನ್ನು ಹೊಸ ತೆರಿಗೆ ಹಾಕಿ ಏರ್ಪಡಿಸಿದರು. ಆಫ್ಘನ್ ಯುದ್ಧ ಬಂದೊಡನೆ ಅದಕ್ಕೂ ಕತ್ತರಿ ಬಿದ್ದಿತು.

ಹಳೆಯ ಕತೆಯನ್ನು ಇಷ್ಟು ದೀರ್ಘವಾಗಿ ಹೇಳಿದುದಕ್ಕೆ ಕಾರಣವುಂಟು. ಪರಕೀಯರ ಆ ಸರಕಾರವೆಲ್ಲಿ, ನಾವೇ ಆರಿಸಿದ ಈ ಸರಕಾರಗಳೆಲ್ಲಿ! ಹೋಲಿಕೆ ಅನ್ಯಾಯವೆಂದು ವಾಚಕರು ಹೇಳಬಹುದು, ನಾನೂ ಒಪ್ಪುತ್ತೇನೆ. ಇಂದು ಧಾನ್ಯದ ಹಕ್ಕಿಗೆ ಶಾಸನವಿದೆ, ನ್ಯಾಯಾಲಯವಿದೆ. 2001ರಲ್ಲಿ ದೇಶದ ಉಗ್ರಾಣಗಳಲ್ಲಿ ಐದು ಕೋಟಿ ಟನ್ನಿಗೂ ಮಿಕ್ಕ ಧಾನ್ಯ ಬಿದ್ದಿರಲು ರಾಜಸ್ಥಾನದಲ್ಲಿ ಜನ ಹಸಿದಿದ್ದರು. ಪೌರಸ್ವಾತಂತ್ರ್ಯದ ಸಂಘವೊಂದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವರ್ಷದ ನವೆಂಬರ್ 28ರಂದು, ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಬಡಿಸಬೇಕೆಂದು ಆಜ್ಞೆಯಾಯಿತು. ಅದುವರೆಗೆ ತಿಂಗಳಿಗೆ ಮೂರು ಕಿಲೋ ಧಾನ್ಯವನ್ನು ಚೀಲಕ್ಕೆ ಸುರಿದು ಕಳುಹಿಸುವ ಪದ್ಧತಿಯಿದ್ದಿತು. 2002ರ ಜೂನ್‌ನಲ್ಲಿ ಬೀದರದಿಂದ ಬಾಗಲಕೋಟೆಯವರೆಗಿನ ಏಳು ಉತ್ತರದ ಜಿಲ್ಲೆಗಳಲ್ಲಿ ನಮ್ಮ ರಾಜ್ಯ ಇದನ್ನು ಆರಂಭಿಸಿತು. ಅದಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟವರು ಯಾರೋ ಅರಿಯೆ. ಶರಣರ ಮಾತನ್ನು ಸರಕಾರಿ ಕಡತದೊಳಕ್ಕೆ ಇಷ್ಟು ಸಹಜವಾಗಿ ತಂದ ಇನ್ನೊಂದು ನಿದರ್ಶನವನ್ನು ನಾನು ಕಂಡಿಲ್ಲ.

ನನ್ನ ಹುಟ್ಟೂರು ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿದೆ. 1975ರ ಗಾಂಧೀ ಜಯಂತಿಯಂದು ದೇಶದಲ್ಲಿ ಮೂವತ್ತಮೂರು ಕಡೆ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ, ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಈ ತಾಲ್ಲೂಕಿನಲ್ಲೇ. ನಾನು ನಾಲ್ಕು ವರ್ಷದವನಾಗಿದ್ದಾಗ ಅಂಥ ಒಂದು ಅಂಗನವಾಡಿಯ ಚಾಪೆಯ ಮೇಲೆ ಕುಳಿತು ತಿಂದ ಉಪ್ಪಿಟ್ಟಿನ ರುಚಿ ಈಗಲೂ ನಾಲಗೆಯ ಮೇಲಿದೆ. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲವೆಂದು ಯಾರಾದರೂ ಹೇಳಿದರೆ ಆ ಉಪ್ಪಿಟ್ಟಿನ ಮೇಲಾಣೆ, ಅದು ನಿಜ.

ಕಳೆದ ವರ್ಷ ಊರಿಗೆ ಹೋದಾಗ ಶಾಲೆಯ ಅಡುಗೆಮನೆಯ ಬಳಿ ಸುಮ್ಮನೆ ನಿಂತೆ. ಅಡುಗೆಯ ತಾಯಿ ನನ್ನನ್ನು ಹುಡುಗನಾಗಿದ್ದಾಗಿನಿಂದ ಬಲ್ಲವರು. "ಏನಕ್ಕ, ಸಾರು ಘಮಘಮ ಅನ್ನುತ್ತಿದೆ" ಎಂದೆ. "ವಾಸ್ನೆ ಒಗ್ಗರಣೇದು ಕಣಪ್ಪ. ಬೇಳೆ ಎಲ್ಲೈತೆ? ಸಾರ್ನಲ್ಲಿ ಮಕ ನೋಡ್ಕೋಬೌದು" ಎಂದರು. ನಗುತ್ತಲೇ ಹೇಳಿದ ಮಾತು. ನನಗೆ ಮಾತ್ರ ಡಾಕ್ಟರ್ ಕಾರ್ನಿಷನ ತಕ್ಕಡಿ ನೆನಪಾಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಅದೇನೂ ಗುಟ್ಟಿನ ಲೆಕ್ಕವಲ್ಲ. ಯಾರು ಬೇಕಾದರೂ ಹಾಕಬಹುದು.

ಕಿರಿಯ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಯಮ. ಧಾನ್ಯವನ್ನು ಕೇಂದ್ರ ಬೇರೆಯಾಗಿ ಕೊಡುತ್ತದೆ. ಉಳಿದುದಕ್ಕೆಲ್ಲ, ಉಪ್ಪು, ಮೆಣಸಿನಕಾಯಿ, ಸೌದೆ ಅಥವಾ ಗ್ಯಾಸು ಸೇರಿ, ತಲೆಗಿಷ್ಟು ಎಂದು ಹಣ ಗೊತ್ತುಪಡಿಸುತ್ತಾರೆ. 2020ರ ಏಪ್ರಿಲ್‌ನಲ್ಲಿ ಅದು 4 ರೂಪಾಯಿ 97 ಪೈಸೆ. ಎರಡೂವರೆ ವರ್ಷ ಅದು ಅಲುಗಲಿಲ್ಲ. 2022ರ ಅಕ್ಟೋಬರ್‌ನಲ್ಲಿ 5 ರೂಪಾಯಿ 45 ಪೈಸೆಯಾಯಿತು. ಮತ್ತೆ ಎರಡು ವರ್ಷ ಅಲ್ಲಿಯೇ ನಿಂತಿತು. 2024ರಲ್ಲಿ ತೊಗರಿಬೇಳೆ ಕಿಲೋಗೆ 150 ರೂಪಾಯಿಯನ್ನು ದಾಟಿದ್ದಾಗ, ಆ ಇಪ್ಪತ್ತು ಗ್ರಾಂ ಬೇಳೆಗೇ ಮೂರು ರೂಪಾಯಿ. ಉಳಿದ ಎರಡು ರೂಪಾಯಿ ನಲವತ್ತೈದು ಪೈಸೆಯಲ್ಲಿ ತರಕಾರಿ, ಎಣ್ಣೆ, ಸಾಂಬಾರ, ಬೆಂಕಿ. 2024ರ ಡಿಸೆಂಬರಿನಲ್ಲಿ 6 ರೂಪಾಯಿ 19 ಪೈಸೆ, 2025ರ ಮೇ ತಿಂಗಳಲ್ಲಿ 6 ರೂಪಾಯಿ 78 ಪೈಸೆ ಎಂದು ಹೆಚ್ಚಿಸಿದರು. ಹೆಚ್ಚಿಸಿದ್ದು ಒಳ್ಳೆಯದೇ. ಆದರೆ ನಡುವಿನ ಆ ವರ್ಷಗಳಲ್ಲಿ ಮೂರನೆಯ ತರಗತಿಯಿಂದ ಏಳನೆಯದಕ್ಕೆ ಏರಿದ ಮಗುವಿಗೆ, ತೆಳ್ಳಗಾದ ಸಾರಿನ ಬಾಕಿಯನ್ನು ಯಾರು ಸಲ್ಲಿಸುತ್ತಾರೆ?

ನನ್ನ ಹೇಳಿಕೆಯ ತಿರುಳು ಇಲ್ಲಿದೆ. ಅನ್ನದ ಬಾಬಿಗೆ ಕತ್ತರಿ ಹಾಕುವುದಕ್ಕೆ ಎರಡು ರೀತಿಗಳುಂಟು. ಒಂದು, ಎಲ್ಲರ ಕಣ್ಣಿಗೂ ಕಾಣುವಂಥದು. 2015-16ರ ಮುಂಗಡ ಪತ್ರದಲ್ಲಿ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರದ ಹಣವನ್ನು ಸುಮಾರು 18 ಸಾವಿರ ಕೋಟಿಯಿಂದ 8 ಸಾವಿರ ಕೋಟಿ ಚಿಲ್ಲರೆಗೆ ಇಳಿಸಿದರು. ಶಾಲೆಯ ಊಟದ ಹಣವನ್ನು 13 ಸಾವಿರ ಕೋಟಿಯಿಂದ 9 ಸಾವಿರ ಕೋಟಿ ಚಿಲ್ಲರೆಗೆ. ರಾಜ್ಯಗಳಿಗೆ ತೆರಿಗೆಯ ಪಾಲು ಹೆಚ್ಚಿದೆ, ಅವೇ ನೋಡಿಕೊಳ್ಳಲಿ ಎಂಬುದು ಸಮಾಧಾನ. ಇಲಾಖೆಯ ಸಚಿವೆಯೇ ಅಸಮ್ಮತಿ ಸೂಚಿಸಿದರೆಂದು ಆಗಿನ ಪತ್ರಿಕೆಗಳು ವರದಿ ಮಾಡಿದುವು, ಕೂಗೆದ್ದಿತು, ವರ್ಷ ಮುಗಿಯುವುದರೊಳಗೆ ಅಂಗನವಾಡಿಗಳ ಪಾಲಿಗೆ ಕಳೆದುದರಲ್ಲಿ ಬಹಳಷ್ಟನ್ನು ಮರಳಿ ಸೇರಿಸಬೇಕಾಯಿತು. ಕಾಣುವ ಕಡಿತಕ್ಕೆ ಹೀಗೆ ಔಷಧವಿದೆ.

ಎರಡನೆಯದು ಕಾಣದ ಕಡಿತ. ಮುಂಗಡ ಪತ್ರದಲ್ಲಿ ಅಂಕೆ ಇಳಿಯುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಬೆಲೆಗಳು ಅದನ್ನು ತಿನ್ನುತ್ತವೆ. ಅಂಗನವಾಡಿಯ ಮಗುವಿನ ಆಹಾರಕ್ಕೆ 2017ರಲ್ಲಿ ದಿನಕ್ಕೆ 8 ರೂಪಾಯಿ ಎಂದು ಗೊತ್ತುಮಾಡಿದ್ದು ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಶಾಲೆಯ ಅಡುಗೆಯವರಿಗೆ 2009ರಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಎಂದು ಕೇಂದ್ರ ಗೊತ್ತುಮಾಡಿತು. ಒಂದೂವರೆ ದಶಕ ಕಳೆದರೂ ಕೇಂದ್ರದ ಲೆಕ್ಕದಲ್ಲಿ ಆ ಸಾವಿರ ಸಾವಿರವಾಗಿಯೇ ಇದ್ದಿತು. ನಮ್ಮ ರಾಜ್ಯ ತನ್ನ ಕೈಯಿಂದ ಹೆಚ್ಚು ಕೊಡುತ್ತಿರುವುದರಿಂದ ಇಲ್ಲಿ ಒಲೆ ಉರಿಯುತ್ತಿದೆ. ತಲೆಗಳ ಎಣಿಕೆಯಲ್ಲಿಯೂ ಇದೇ ಕತೆ. 2013ರ ಆಹಾರ ಭದ್ರತಾ ಶಾಸನ ಹಳ್ಳಿಗರಲ್ಲಿ ನೂರಕ್ಕೆ 75, ಪಟ್ಟಣಿಗರಲ್ಲಿ ನೂರಕ್ಕೆ 50 ಮಂದಿಗೆ ಧಾನ್ಯ ಕೊಡಬೇಕೆಂದಿತು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹತ್ತು ವರ್ಷ ಹಳೆಯದಾದ ತಲೆಲೆಕ್ಕದ ಮೇಲೆಯೇ ಹಂಚಿಕೆ ಮುಂದುವರಿಯಿತು. ಆಮೇಲೆ ಬೆಳೆದ ಸಂಸಾರಗಳು ಚೀಟಿಗಾಗಿ ಬಾಗಿಲಲ್ಲಿ ನಿಂತುವು. ಯಾವ ಸಚಿವರೂ ಅವರ ಅನ್ನವನ್ನು ಕಡಿತಗೊಳಿಸಿದೆವೆಂದು ಘೋಷಿಸಲಿಲ್ಲ.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯ ಬಂದಾಗಲೆಲ್ಲ ವಾಣಿಜ್ಯ ವಿಭಾಗದ ಗೆಳೆಯರೊಬ್ಬರು, "ಬಿಟ್ಟಿ ಅಕ್ಕಿ ಜನರನ್ನು ಸೋಮಾರಿಗಳನ್ನಾಗಿ ಮಾಡಿದೆ ಸ್ವಾಮಿ, ಗದ್ದೆಗೆ ಆಳು ಸಿಗುವುದಿಲ್ಲ" ಎನ್ನುತ್ತಾರೆ. ತಿಂಗಳಿಗೆ ತಲೆಗೆ ಐದು ಕಿಲೋ ಎಂದರೆ ದಿನಕ್ಕೆ ಸುಮಾರು 165 ಗ್ರಾಂ. ಅಷ್ಟು ಅಕ್ಕಿಯ ಬಲದ ಮೇಲೆ ಸೋಮಾರಿಯಾಗಿರಬಲ್ಲ ಮನುಷ್ಯನನ್ನು ನಾನು ನೋಡಬೇಕೆಂದಿದ್ದೇನೆ. ಆಳು ಅರೆಹೊಟ್ಟೆಯ ಕೂಲಿಗೆ ಒಪ್ಪದಿರುವುದು ಸೋಮಾರಿತನವಲ್ಲ, ಚೌಕಾಸಿ. ಕಳ್ಳತನವಿಲ್ಲವೆ ಎಂದರೆ ಇದೆ: ಸುಳ್ಳು ಚೀಟಿಗಳಿವೆ, ಪಡಿತರದ ಅಕ್ಕಿ ರಾತ್ರಿ ಲಾರಿ ಏರುವುದೂ ಉಂಟು. ಖರ್ಚೂ ಸಣ್ಣದಲ್ಲ, ಕೇಂದ್ರದ ಆಹಾರ ಸಹಾಯಧನ ವರ್ಷಕ್ಕೆ ಎರಡು ಲಕ್ಷ ಕೋಟಿಯ ಆಸುಪಾಸು. ಇಲಿ ತಿಂದಿತೆಂದು ಕಣಜವನ್ನು ಬರಿದುಮಾಡುವ ಒಕ್ಕಲಿಗನನ್ನು ಮಾತ್ರ ನಾನು ಕಾಣೆ.

ಕೊರೋನಾದ ವರ್ಷಗಳಲ್ಲಿ, 2020ರ ಏಪ್ರಿಲ್‌ನಿಂದ, ತಲೆಗೆ ಐದು ಕಿಲೋ ಹೆಚ್ಚು ಧಾನ್ಯ ಕೊಟ್ಟರು. ಹಲವರ ಮನೆಯ ಒಲೆ ಆಗ ಆರದಿದ್ದುದು ಅದರಿಂದಲೇ. 2022ರ ಡಿಸೆಂಬರಿನಲ್ಲಿ ಅದು ನಿಂತಿತು. ಉಳಿದ ಐದು ಕಿಲೋವನ್ನು ಪುಕ್ಕಟೆ ಮಾಡಿದರು. ಐದು ಮಂದಿಯ ಮನೆಗೆ ಬರುತ್ತಿದ್ದ ಐವತ್ತು ಕಿಲೋ ಇಪ್ಪತ್ತೈದಾಯಿತು. 2023ರಲ್ಲಿ ನಮ್ಮ ರಾಜ್ಯ ಹತ್ತು ಕಿಲೋ ಕೊಡಹೊರಟಾಗ ಕೇಂದ್ರದ ಉಗ್ರಾಣದಿಂದ ಅಕ್ಕಿ ಮಾರಲು ಒಪ್ಪಿಗೆ ಸಿಗಲಿಲ್ಲ. ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಕೊಟ್ಟರು. 2025ರಲ್ಲಿ ಮತ್ತೆ ಅಕ್ಕಿಗೆ ಬಂದರು. ಆ ಜಗಳದಲ್ಲಿ ಯಾರ ತಪ್ಪೆಷ್ಟೆಂಬುದು ಈ ಅಂಕಣದ ವಿಷಯವಲ್ಲ.

ನಾನು ಕೇಳುವುದು ಇಷ್ಟೆ. ನೌಕರರಾದ ನಮಗೆ ಬೆಲೆಯೇರಿಕೆಗೆ ತಕ್ಕಂತೆ ವರ್ಷಕ್ಕೆರಡು ಬಾರಿ ತುಟ್ಟಿಭತ್ಯ ಲೆಕ್ಕವಾಗುತ್ತದೆ. ಒಂದು ಕಂತು ತಡವಾದರೆ ನಾವು ಸಂಘದ ಸಭೆ ಕರೆಯುತ್ತೇವೆ. ಮಗುವಿನ ಇಪ್ಪತ್ತು ಗ್ರಾಂ ಬೇಳೆಗೂ ಅಂಥದೇ ತುಟ್ಟಿಭತ್ಯವೊಂದು ತಾನಾಗಿ ಸಲ್ಲುವಂತೆ ಮಾಡಲು ಯಾವ ತೊಡಕಿದೆ? ಆ ಮಗುವಿಗೆ ಸಂಘವಿಲ್ಲ, ಮತವಿಲ್ಲ ಎಂಬುದೊಂದನ್ನು ಬಿಟ್ಟರೆ ನನಗೆ ಬೇರೆ ತೊಡಕು ತೋರುವುದಿಲ್ಲ.

ಇನ್ನೊಂದು ಮಾತು. ಶಾಲೆಯ ಊಟ ಹತ್ತನೆಯ ತರಗತಿಗೆ ಮುಗಿಯುತ್ತದೆ. ಆಮೇಲೆ ಆ ಮಕ್ಕಳು ಬರುವುದು ನಮ್ಮಲ್ಲಿಗೆ. ಬೆಳಗಿನ ಆರೂವರೆಯ ಬಸ್ಸು ಹಿಡಿದು ಬರುವ ಹುಡುಗಿಯರು ಹನ್ನೊಂದರ ತರಗತಿಯಲ್ಲಿ ಹಳಗನ್ನಡದ ಪದ್ಯ ಓದುವಾಗ ದನಿ ಇಳಿದುಹೋಗಿರುತ್ತದೆ. ಮೊದಮೊದಲು ಅದು ಸಂಕೋಚವೆಂದು ತಿಳಿದಿದ್ದೆ. ಒಮ್ಮೆ ಒಬ್ಬಳು ಬೆಂಚಿಗೆ ಒರಗಿಬಿಟ್ಟಳು. ನೀರು ಕುಡಿಸಿ, "ಏನು ತಿಂದು ಬಂದೆಯಮ್ಮ?" ಎಂದು ಕೇಳಿದರೆ, "ರಾತ್ರಿ ಉಂಡಿದ್ದೆ ಸಾರ್" ಎಂದಳು. ಅಂದಿನಿಂದ ನನ್ನ ಮೇಜಿನ ಸೆಳೆಖಾನೆಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವಿರುತ್ತದೆ. ಅದರಿಂದ ಏನಾದೀತು?

ಊರಿನ ಅಡುಗೆಮನೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಬೇಳೆಯ ಬೆಲೆಯ ರಸೀತಿ ಲಗತ್ತಿಸಿ, ಸಂಬಂಧಪಟ್ಟ ಕಚೇರಿಗೆ ಕಳುಹಿಸಿದ್ದೇನೆ. ಶಾಸಕರಿಗೂ ಒಂದು ಪ್ರತಿ. ಆಯವ್ಯಯದ ಅಧಿವೇಶನಕ್ಕೆ ಮುನ್ನ ವಾಚಕರು ತಮ್ಮ ತಮ್ಮ ಊರಿನ ಶಾಲೆಗೆ ಒಮ್ಮೆ ಮಧ್ಯಾಹ್ನ ಹೋಗಿ, ಸಾರಿನ ಪಾತ್ರೆಗೆ ಸೌಟು ಇಳಿಸಿ ನೋಡಿ, ಅಂಥದೇ ಒಂದು ಹಾಳೆ ಬರೆಯಬಹುದು. ನನಗೆ ಬಂದಿರುವ ಉತ್ತರ ಸದ್ಯಕ್ಕೆ ಒಂದು ಸ್ವೀಕೃತಿಯ ಮುದ್ರೆ.