ಗಣಿ ಮುಗಿದ ಊರು

ಮಳೆಗಾಲ ಕಳೆದು ಆಕಾಶ ತೊಳೆದಿಟ್ಟಂತೆ ನಿರ್ಮಲವಾಗಿರುವ ದಿನಗಳಲ್ಲಿ ನಮ್ಮ ಕರಾವಳಿಯಿಂದ ಮೂಡಣಕ್ಕೆ ನೋಡಿದರೆ, ಘಟ್ಟದ ಸಾಲು ನೀಲಿಯ ಗೋಡೆಯಂತೆ ಕಾಣುತ್ತದೆ. ಕುಂದಾಪುರ, ಬೈಂದೂರುಗಳವರಿಗೆ ಆ ಗೋಡೆಯಲ್ಲಿ ಮೊದಲು ಗುರುತಾಗುವುದು ಕೊಡಚಾದ್ರಿ. ಅದೇ ಸಾಲಿನಲ್ಲಿ ತೆಂಕಣ ದಿಕ್ಕಿಗೆ ಸಾಗಿದರೆ ಕುದುರೆಮುಖ. ಎತ್ತರ 1894 ಮೀಟರ್. ಕಡಲಿನ ಕಡೆಯಿಂದ ನೋಡಿದವರಿಗೆ ಕುದುರೆಯ ಮೋರೆಯಂತೆ ತೋರಿದ್ದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಘಟ್ಟದ ಮೇಲಿನವರಿಗೆ ಅದು ಸಂಸೆ ಗ್ರಾಮದ ಕಡೆಯ ಬೆಟ್ಟ, ಆದ್ದರಿಂದ ಸಂಸೆಪರ್ವತ. ಬೆಟ್ಟ ಒಂದೇ, ನೋಡುವವರು ನಿಂತ ನೆಲಕ್ಕೆ ತಕ್ಕಂತೆ ಹೆಸರು ಎರಡು. ಆ ಬೆಟ್ಟದ ಮಡಿಲಲ್ಲಿ ಹುಟ್ಟಿ, ಮೂವತ್ತು ವರ್ಷಗಳೊಳಗೆ ಕೆಲಸ ಮುಗಿಸಿದ ಗಣಿಯ ಊರಿಗೂ ಹೀಗೆಯೇ ಎರಡು ಕಥೆಗಳಿವೆ. ಎರಡನ್ನೂ ಒಟ್ಟಿಗೆ ಕೇಳಿದರಲ್ಲದೆ ಆ ಊರು ಅರ್ಥವಾಗದು.

ಮೊದಲು ದೂರದ ಒಂದು ಊರನ್ನು ನೆನೆಯೋಣ. ದೂರದ್ದರ ಪಕ್ಕದಲ್ಲಿಟ್ಟಾಗ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ನಾರ್ವೆ ದೇಶದ ಮಲೆನಾಡಿನಲ್ಲಿ ರೋರೋಸ್ ಎಂಬ ಊರಿದೆ. ಅಲ್ಲಿಯ ಚಳಿ ಶೂನ್ಯಕ್ಕಿಂತ ಐವತ್ತು ಡಿಗ್ರಿ ಕೆಳಗಿಳಿದದ್ದೂ ಉಂಟು. ಅಂಥಲ್ಲಿ 1644ರಲ್ಲಿ ತಾಮ್ರದ ಗಣಿ ಆರಂಭವಾಯಿತು. ಎರಡು ವರ್ಷಗಳ ಬಳಿಕ ದೊರೆ ಒಂದು ಸನ್ನದು ಕೊಟ್ಟ. ಗಣಿಯನ್ನು ನಡುವಿಟ್ಟು ಸುಮಾರು 45 ಕಿಲೋಮೀಟರ್ ದೂರದವರೆಗೆ ಒಂದು ವೃತ್ತವನ್ನು ಎಳೆದರೆ, ಅದರೊಳಗಿನ ಅದಿರು, ಮರ, ಹರಿಯುವ ನೀರು ಎಲ್ಲದರ ಮೇಲೂ ಗಣಿಗೇ ಹಕ್ಕು. ಅದಿರನ್ನು ಹುರಿಯಲು ಸೌದೆ ಬೇಕು, ಕರಗಿಸಲು ಇದ್ದಿಲು ಬೇಕು, ಬಂಡೆಯನ್ನು ಕಾಯಿಸಿ ಬಿರಿಯಿಸಲೂ ಬೆಂಕಿ ಬೇಕು. ಹೀಗಾಗಿ ತಾಮ್ರ ಹೊರಬಂದಂತೆಲ್ಲ ಸುತ್ತಣ ಕಾಡು ಒಲೆಯೊಳಗೆ ಹೋಯಿತು. 333 ವರ್ಷಗಳ ತರುವಾಯ, 1977ರಲ್ಲಿ, ಕಂಪನಿ ದಿವಾಳಿಯಾಯಿತು. ಊರು ಮಾತ್ರ ಬರಿದಾಗಲಿಲ್ಲ. ಮರದ ಮನೆಗಳು, 1784ರ ಕಲ್ಲಿನ ಇಗರ್ಜಿ, ಕರಿಯ ಕಿಟ್ಟದ ಗುಡ್ಡೆಗಳು, ಎಲ್ಲವನ್ನೂ ಕಾಪಾಡಿದರು. 1980ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. 2010ರಲ್ಲಿ ದೊರೆ ಎಳೆದ ಆ ವೃತ್ತವನ್ನೂ ಅದಕ್ಕೆ ಸೇರಿಸಿತು.

ಒಂದು ಕಾಕತಾಳೀಯವನ್ನು ಗಮನಿಸಬೇಕು. ರೋರೋಸಿನ ಗಣಿ ಮುಗಿಯುವ ಹಿಂದಿನ ವರ್ಷವೇ, 1976ರಲ್ಲಿ, ನಮ್ಮ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅಲ್ಲಿ ಅದಿರಿದೆಯೆಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಷ್ಟು ಹಿಂದೆಯೇ ಗುರುತಿಸಿದ್ದರು. ಅದನ್ನು ಅಗೆಯುವ ಹಣ ಒದಗಿದ್ದು ಇರಾನಿನಿಂದ. 1975ರ ಒಪ್ಪಂದದಂತೆ ಆ ದೇಶ 63 ಕೋಟಿ ಡಾಲರ್ ಸಾಲ ಕೊಡಬೇಕು, ಅದಿರನ್ನು ತಾನೇ ಕೊಳ್ಳಬೇಕು. ಕಾರ್ಖಾನೆ ಏಳುವಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೊರೆಯ ಆಳ್ವಿಕೆ ಕೊನೆಗೊಂಡಿತು, ಕೊಳ್ಳುವವರು ಹಿಂದೆಗೆದರು. ಆದರೂ ಕೆಲಸ ನಿಲ್ಲಲಿಲ್ಲ. 1980ರ ಹೊತ್ತಿಗೆ ಕಾರ್ಖಾನೆ ಸಿದ್ಧವಾಯಿತು. ಅದಿರಿಗೆ ಬೇರೆ ದೇಶಗಳಲ್ಲಿ ಗಿರಾಕಿಗಳು ದೊರೆತರು.

ಹೆಬ್ರಿ, ಕಾರ್ಕಳ, ಬಜಗೋಳಿ, ಮಾಳದ ದಾರಿಯಾಗಿ ನಾನು ಘಟ್ಟ ಹತ್ತಿದ್ದು ಮಳೆ ಬಿಟ್ಟ ಮೇಲೆ. ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಸಾಗುತ್ತದೆ. ರಾತ್ರಿಯ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವರ್ಷಕ್ಕೆ 6000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲ ಅದು. ಕಣಿವೆಗಳಲ್ಲಿ ಶೋಲೆಯ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು. ಆ ಹಸಿರಿನ ನಡುವೆ ಇದ್ದಕ್ಕಿದ್ದಂತೆ ಅಗಲವಾದ ರಸ್ತೆಗಳು, ಸಾಲುಮನೆಗಳು ಎದುರಾಗುತ್ತವೆ. ಬಹುಪಾಲು ಮನೆಗಳಿಗೆ ಬೀಗ. ಕೆಲವಕ್ಕೆ ಅದೂ ಇಲ್ಲ. ಗೋಡೆಗಳಲ್ಲಿ ಪಾಚಿ, ಹೊಸ್ತಿಲ ಬಿರುಕಿನಲ್ಲಿ ಜರಿಗಿಡ. ನನ್ನ ಜತೆಗೆ ಬಂದಿದ್ದ ಕುಂದಾಪುರದ ಕಡೆಯ ಗೆಳೆಯರೊಬ್ಬರು ಅಲ್ಲಿ ಹಲವು ವರ್ಷ ದುಡಿದವರು. ಅಂಥ ಒಂದು ಮನೆಯ ಜಗಲಿಯೆದುರು ನಿಂತು, "ಇಲ್ಲೇ ಕಾಣಿ ಮಾರಾಯ್ರೆ, ನಮ್ ಮಕ್ಕಳ್ ನಡೂಕೆ ಕಲ್ತದ್ದ್" ಎಂದರು. ಮತ್ತೆ ಬಹಳ ಹೊತ್ತು ಅವರು ಮಾತಾಡಲಿಲ್ಲ. ಇದು ಊರಿನ ಮೊದಲನೆಯ ಕಥೆ. ಎಲ್ಲೆಲ್ಲಿಂದಲೋ ಬಂದವರು ಆ ಮಳೆಯಲ್ಲಿ ಬದುಕು ಕಟ್ಟಿಕೊಂಡರು; ಮಕ್ಕಳನ್ನು ಓದಿಸಿದರು. ಅವರಿಗೆ ಅದು ಗಣಿಯಲ್ಲ, ಮನೆ.

ಎರಡನೆಯ ಕಥೆಯನ್ನು ಅರಿಯಲು ಸ್ವಲ್ಪ ಲೆಕ್ಕ ಬೇಕು. ಕುದುರೆಮುಖದ ಅದಿರು ಆಯಸ್ಕಾಂತಕ್ಕೆ ಅಂಟುವ ಜಾತಿಯದು. ಆದರೆ ಅದರಲ್ಲಿ ಕಬ್ಬಿಣದ ಪಾಲು ಕಡಿಮೆ. ಬೆಟ್ಟವನ್ನು ಮೇಲಿನಿಂದಲೇ ಕಡಿದು, ಕಲ್ಲನ್ನು ಪುಡಿಮಾಡಿ, ನೀರಿನೊಡನೆ ಅರೆದು, ಆಯಸ್ಕಾಂತದಿಂದ ಕಬ್ಬಿಣದ ಅಂಶವನ್ನು ಸೆಳೆದು ತೆಗೆಯಬೇಕು. ಹಾಗೆ ತೆಗೆದುದನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ ಅದಿರುಪುಡಿಯನ್ನು ಪಡೆಯಲು ಸುಮಾರು 2 ಕೋಟಿ 26 ಲಕ್ಷ ಟನ್ ಕಲ್ಲನ್ನು ಅಗೆಯುವ ಯೋಜನೆ. ಎಂದರೆ ಮೂರು ಪಾಲಿನಲ್ಲಿ ಒಂದು ಪಾಲು ಕಡಲಿಗೆ ಇಳಿಯಿತು; ಎರಡು ಪಾಲು ಕೆಸರಾಗಿ ಬೆಟ್ಟದಲ್ಲೇ ಉಳಿಯಿತು. ಆ ಕೆಸರನ್ನು ತಡೆಯಲೆಂದೇ ಲಕ್ಯಾ ಹೊಳೆಗೆ ನೂರು ಮೀಟರಿನಷ್ಟು ಎತ್ತರದ ಅಣೆಕಟ್ಟು ಕಟ್ಟಿದರು. ಲಕ್ಯಾ ಹೊಳೆ ಸೇರುವುದು ಭದ್ರೆಯನ್ನು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಇಲ್ಲಿ ಕದಡಿದ ನೀರು ಲಕ್ಕವಳ್ಳಿಯ ಜಲಾಶಯಕ್ಕೆ, ಅಲ್ಲಿಂದ ಗದ್ದೆಗಳಿಗೆ ಹೋಗುತ್ತದೆ. ಗಣಿಯ ಫಲ ಪಡುವಣಕ್ಕೆ, ಅದರ ಕೆಸರು ಮೂಡಣಕ್ಕೆ: ಎರಡನೆಯ ಕಥೆಯ ಸಾರ ಇಷ್ಟೆ.

1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸಿಂಗಳೀಕಗಳಿಗೆ ಆಸರೆಯಾದ ಕಾಡದು. ಗಣಿಯ ಗುತ್ತಿಗೆಯ ಅವಧಿ 1999ರಲ್ಲಿ ತೀರಿತು. ಅದನ್ನು ಮುಂದುವರಿಸಬಾರದೆಂದು ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರೂ ಕುದುರೆಮುಖ ವನ್ಯಜೀವಿ ಪ್ರತಿಷ್ಠಾನದವರೂ ಹೋರಾಡಿದರು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅದರಂತೆ 2005ರ ಕೊನೆಗೆ ಅಗೆತ ನಿಂತಿತು. 2012ರಲ್ಲಿ ಪಶ್ಚಿಮಘಟ್ಟದ ಆಯ್ದ ಭಾಗಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖದ ಉದ್ಯಾನವೂ ಅವುಗಳಲ್ಲಿ ಒಂದಾಯಿತು.

ಇಲ್ಲಿ ಎರಡು ಊರುಗಳೂ ಮುಖಾಮುಖಿಯಾಗುತ್ತವೆ. ಇಬ್ಬರೂ ಸೇರಿದ್ದು ಒಂದೇ ಪಟ್ಟಿಗೆ. ರೋರೋಸ್ ಸೇರಿದ್ದು ಗಣಿಯ ಕಾರಣದಿಂದ. ಕುದುರೆಮುಖ ಸೇರಿದ್ದು ಗಣಿಯಿಂದ ಉಳಿದುಕೊಂಡ ಕಾಡಿನ ಕಾರಣದಿಂದ. ಅಲ್ಲಿ ಕಾಡು ಹೋಗಿ ಊರು ಉಳಿಯಿತು. ಇಲ್ಲಿ ಕಾಡು ಉಳಿದು ಊರು ಕರಗುತ್ತಿದೆ. ಹಾಗೆಂದು ರೋರೋಸಿನಂತೆ ಇಲ್ಲಿಯ ಮನೆಗಳನ್ನೂ ಅಲಂಕರಿಸಿ ಪ್ರವಾಸಿಗಳನ್ನು ತುಂಬಿಸೋಣ ಎನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಮೂರು ಶತಮಾನ ಬಾಳಿದ ಊರಿನ ಹಕ್ಕು ಬೇರೆ, ಮೂರು ದಶಕವೂ ತುಂಬದ ವಸತಿಯ ಹಕ್ಕು ಬೇರೆ. ನದಿ ಹುಟ್ಟುವ ನೆಲದಲ್ಲಿ ಕಾಡಿನ ಹಕ್ಕೇ ದೊಡ್ಡದು.

ಆದರೆ ರೋರೋಸಿನಿಂದ ಕಲಿಯಬೇಕಾದ ಪಾಠಗಳು ಎರಡಿವೆ. ಒಂದು, ದುಡಿದವರ ನೆನಪು. ಬಾಲ್ಯದಲ್ಲೇ ಗಣಿಗೆ ಇಳಿದ ಯೋಹಾನ್ ಫಾಲ್ಕ್‌ಬರ್ಗೆಟ್ ಮುಂದೆ ಕಾದಂಬರಿಕಾರನಾಗಿ ತನ್ನ ಜನರ ಬಾಳನ್ನು ಬರೆದ. ಊರಿನ ಕಲ್ಲಿಗೆ ಮಾತು ಬಂದದ್ದು ಅಂಥ ಬರವಣಿಗೆಯಿಂದ. ಮನೆ ಬಿದ್ದರೂ ಮನೆಯವರ ಮಾತು ಬೀಳಬಾರದು. ಕುದುರೆಮುಖದಲ್ಲಿ ದುಡಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಅವರ ಮಾತನ್ನು ಕೇಳಿ ಬರೆದಿಡುವ ಕಾಲ ಇನ್ನೂ ಮೀರಿಲ್ಲ.

ಇನ್ನೊಂದು, ಕಾವಲು. ಕಿಟ್ಟದ ಗುಡ್ಡೆ ಮುನ್ನೂರು ವರ್ಷವಾದರೂ ಕರಗಿಹೋಗುವುದಿಲ್ಲವೆಂದು ರೋರೋಸ್ ತೋರಿಸಿಕೊಟ್ಟಿದೆ. ಲಕ್ಯಾದ ಕೆಸರೂ ಹಾಗೆಯೇ. ಯಂತ್ರಗಳು ನಿಂತು ವರ್ಷಗಳಾದವು. ಮಳೆ ಮಾತ್ರ ಒಂದು ವರ್ಷವೂ ತಪ್ಪದೆ ಆ ಅಣೆಕಟ್ಟಿನ ಮೇಲೆ ಸುರಿಯುತ್ತದೆ. ಬೀದಿಗಳನ್ನು ಕಾಡಿಗೆ ಬಿಟ್ಟುಕೊಡಬಹುದು, ಕಟ್ಟೆಯನ್ನು ಬಿಡಲಾಗದು. ಗಣಿಗೆ ಗುತ್ತಿಗೆಯ ಅವಧಿಯೊಂದಿತ್ತು. ಈ ಕಾವಲಿಗೆ ಅವಧಿಯಿಲ್ಲ. ಬೆಟ್ಟದಿಂದ ಕಬ್ಬಿಣ ಪಡೆದ ತಲೆಮಾರು ಮುಂದಿನವರ ಕೈಗೆ ದಾಟಿಸಿರುವ ಸಾಲ ಅದೇ. ಅದರ ಕಂತು ಪ್ರತಿ ಮಳೆಗಾಲಕ್ಕೂ ಸಲ್ಲಬೇಕು.